ಗಾಳಿ ಸರಿಯಿಲ್ಲ

ಅರಸೀಕೆರೆಯಲ್ಲಿ ಈ ಕಥೆಯನ್ನು ಹೀಗೆ ಹೇಳುತ್ತಾರಂತೆ: ಜರ್ಮನಿಯಲ್ಲಿ ಇಬ್ಬರು ಹುಡುಗರು ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಗಾಳಿ ಇತ್ತು. ಉಸಿರಾಡುವ ಗಾಳಿಯಲ್ಲ, ಮೆಟ್ಟಿಕೊಳ್ಳುವ ಗಾಳಿ. ಮಗನನ್ನು ನೋಡಲು ಹೋದ ಟೈಲರ್ ಗಿರಿಜಮ್ಮನಿಗೆ ಅದರ ಸುಳಿವು ಮೊದಲೇ ಸಿಕ್ಕಿತ್ತು. ಬಚ್ಚಲ ಕಿಟಕಿಯಲ್ಲಿ ನಿಂಬೆಹಣ್ಣು ಇಟ್ಟರು, ಬೆಳಗಾಗುವಷ್ಟರಲ್ಲಿ ಅದು ಕಪ್ಪಾಯಿತು. ಮಗನ ಜೊತೆಗಿದ್ದ, ದೇವರು ದಿಂಡರು ಏನನ್ನೂ ನಂಬದ ವಿನಯ ಎಂಬವನು ಅವರನ್ನು ಆಡಿಕೊಂಡು ನಕ್ಕ. ಸಂಕ್ರಾಂತಿಯ ದಿನ ಗಾಳಿ ಮನೆಮಂದಿಯನ್ನೆಲ್ಲ ಕೆಡವಿತು. ಈಗ ಆ ವಿನಯನಿಗೂ ಬುದ್ಧಿ ಬಂದಿದೆ.

ಆ ವಿನಯ ನಾನು. ನಂಬಿಕೆಯ ಮಟ್ಟಿಗೆ ನನಗೆ ಯಾವ ಬುದ್ಧಿಯೂ ಬಂದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಂಬೆಹಣ್ಣನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಕಪ್ಪಾಗಿರಲಿಲ್ಲ, ಒಣಗಿತ್ತು. ನೀರು ಕಾಯಿಸುವ ಬಿಸಿ ಪೆಟ್ಟಿಗೆಯ ಪಕ್ಕ ವಾರಗಟ್ಟಲೆ ಇಟ್ಟರೆ ಯಾವ ನಿಂಬೆಹಣ್ಣಾದರೂ ಒಣಗುತ್ತದೆ.

ಕಾರ್ಲ್ಸ್‌ರುಹೆಯಲ್ಲಿ ಇದರ ಇನ್ನೊಂದು ಕಥೆ ಚಾಲ್ತಿಯಲ್ಲಿದೆ. ಅದು ಎರಡೇ ಪದದ್ದು. "ಗ್ಲ್ಯುಕ್ ಗೆಹಾಬ್ಟ್." ಅದೃಷ್ಟವಿತ್ತು ನಿಮಗೆ. ಆಂಬುಲೆನ್ಸಿನವರು ಹೇಳಿದರು, ಡಾಕ್ಟರು ಹೇಳಿದರು, ಮೇಲಿನ ಮನೆಯ ಫ್ರಾವ್ ಬ್ರಾಂಟ್ ಹೇಳಿದರು, ಕೊನೆಗೆ ಮನೆ ಮಾಲೀಕರೂ ಹೇಳಿದರು. ಬೇರೆ ಏನನ್ನೂ ಹೇಳದೆ ಅದನ್ನು ಮಾತ್ರ ಹೇಳಿದರು.

ನನ್ನ ಆಕ್ಷೇಪ ಎರಡು ಕಥೆಗಳ ಮೇಲೂ ಇದೆ. ಒಂದರಲ್ಲಿ ದೆವ್ವ ಇದೆ, ಇನ್ನೊಂದರಲ್ಲಿ ಅದೃಷ್ಟ ಇದೆ, ಎರಡರಲ್ಲೂ ಮನುಷ್ಯರಿಲ್ಲ. ಯಾರೂ ಏನೂ ಮಾಡಲಿಲ್ಲ, ಎಲ್ಲವೂ ಆಯಿತು. ಇಂಥ ಮನೆಯಲ್ಲಿ ಇಂಥದೇ ತಲೆನೋವನ್ನು ಈಗ ಅನುಭವಿಸುತ್ತಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಆ ಎರಡು ಕಥೆಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಆದ್ದರಿಂದ ಮನುಷ್ಯರಿರುವ ಕಥೆ ಹೇಳುತ್ತೇನೆ. ಅದರಲ್ಲಿ ಮುಖ್ಯವಾಗಿ ನಾನಿದ್ದೇನೆ.

ನಾನು ತುಮಕೂರಿನವನು. ಪಿಯುಸಿಯಿಂದ ಇಂಜಿನಿಯರಿಂಗ್ ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ ಗೆದ್ದವನು. ನಮ್ಮ ಕನ್ನಡದ ಮೇಷ್ಟ್ರು ಒಂದು ವಿದ್ಯೆ ಕಲಿಸಿದ್ದರು. ಎದುರಾಳಿಯ ವಾದವನ್ನೆಲ್ಲ ಎದುರಿಸಲು ಹೋಗಬೇಡ. ಅವನ ಮಾತಿನಲ್ಲಿ ಅತಿ ಸಡಿಲವಾದ ಒಂದು ಪದ ಇರುತ್ತದೆ, ಅದನ್ನು ಹಿಡಿದು ಎಳೆ, ಉಳಿದದ್ದು ತಾನೇ ಬೀಳುತ್ತದೆ. ಈ ವಿದ್ಯೆಯಿಂದ ನಾನು ಒಂದು ಪರ್ಯಾಯ ಪಾರಿತೋಷಕವನ್ನು ಕಾಲೇಜಿಗೆ ಮೂರು ವರ್ಷ ಸತತವಾಗಿ ತಂದುಕೊಟ್ಟೆ. ಇದೇ ವಿದ್ಯೆಯಿಂದ ಒಬ್ಬ ಹೆಂಗಸಿನ ಪ್ರಾಣವನ್ನೂ ಹೆಚ್ಚುಕಡಿಮೆ ತೆಗೆದೆ.

ಕಾರ್ಲ್ಸ್‌ರುಹೆಯಲ್ಲಿ ನಾನು ಮಾಸ್ಟರ್ಸ್ ಮಾಡುತ್ತಿದ್ದೆ. ಅರಸೀಕೆರೆಯ ನಂದೀಶ ಇಲ್ಲೇ ಒಂದು ಐಟಿ ಕಂಪನಿಯಲ್ಲಿ ಕೆಲಸಕ್ಕಿದ್ದ. ಇಬ್ಬರೂ ಸೇರಿ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ಬಚ್ಚಲಮನೆಯ ಗೋಡೆಯ ಮೇಲೆ ಒಂದು ಬಿಳಿ ಪೆಟ್ಟಿಗೆ. ಇಲ್ಲಿನವರು ಅದಕ್ಕೆ ಥೆರ್ಮೆ ಎನ್ನುತ್ತಾರೆ. ಗ್ಯಾಸ್ ಉರಿಸಿ ಸ್ನಾನಕ್ಕೂ ಮನೆ ಬೆಚ್ಚಗಿಡುವುದಕ್ಕೂ ನೀರು ಕಾಯಿಸುವ ಬಾಯ್ಲರು. ಉರಿಯಲು ಬೇಕಾದ ಗಾಳಿಯನ್ನು ಮನೆಯೊಳಗಿನಿಂದಲೇ ಎಳೆದುಕೊಂಡು, ಸುಟ್ಟ ಗಾಳಿಯನ್ನು ಒಂದು ಕೊಳವೆಯಿಂದ ಚಿಮಣಿಗೆ ಬಿಡುತ್ತದೆ. ಬಚ್ಚಲ ಬಾಗಿಲ ಬುಡದಲ್ಲಿ ಜಾಲರಿ ಇದ್ದುದು ಈ ಕಾರಣಕ್ಕೆ. ನಮಗೆ ಆಗ ಅದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅನಿಸಿಯೂ ಇರಲಿಲ್ಲ.

ಮೊದಲು ಬಂದದ್ದು ಚೀಟಿ. ಅಕ್ಟೋಬರಿನಲ್ಲಿ ಮೆಟ್ಟಿಲ ಬಳಿಯ ಗೋಡೆಗೆ ಫ್ರಾವ್ ಬ್ರಾಂಟ್ ಒಂದು ಕಾಗದ ಅಂಟಿಸಿದ್ದರು: ಎರಡನೆಯ ಮಹಡಿಯ ನಿವಾಸಿಗಳು ಅಡುಗೆ ಮಾಡುವಾಗ ವಾಸನೆಯ ಬಗ್ಗೆ ದಯವಿಟ್ಟು ಗಮನ ಕೊಡಬೇಕು. ನಮ್ಮ ಒಗ್ಗರಣೆಯ ಒಣಮೆಣಸಿನಕಾಯಿ ಘಾಟು ಅವರ ಅಡುಗೆಮನೆಯ ಕಿಟಕಿಗೆ ಏರುತ್ತಿತ್ತು. ಕಟ್ಟಡದ ಎಂಟೂ ಮನೆಯವರು ಓದುವ ಜಾಗದಲ್ಲಿ ನಮ್ಮ ಒಗ್ಗರಣೆಯ ವಿಚಾರ. ನಂದೀಶನ ಮುಖ ಕೆಂಪಾಯಿತು. ಒಂದೇ ವಾರದಲ್ಲಿ ಯಾರೋ ಮಾರುತ್ತಿದ್ದ ಹಳೆಯ ಎಕ್ಸಾಸ್ಟ್ ಫ್ಯಾನನ್ನು ತಂದ. ರೆಸ್ಟೋರೆಂಟಿನಲ್ಲಿದ್ದದ್ದಂತೆ, ಹಾಕಿದರೆ ಸೀರೆ ಸೆರಗನ್ನು ಎಳೆಯುವಂಥ ಜೋರು. ಗೋಡೆಯಲ್ಲಿ ಹಿಂದೆ ಯಾವುದಕ್ಕೋ ಕೊರೆದಿದ್ದ ತೂತಿತ್ತು. ಅದಕ್ಕೆ ಕೊಳವೆ ಜೋಡಿಸಿ ಹಿತ್ತಲ ಕಡೆ ಬಿಟ್ಟೆವು. ಸಾಲದ್ದಕ್ಕೆ ಕಿಟಕಿಗಳ ಸಂದಿಗೆಲ್ಲ ಸ್ಪಂಜಿನ ಪಟ್ಟಿ ಅಂಟಿಸಿದೆವು. "ಘಾಟೂ ಹೊರಗೆ, ಚಳೀನೂ ಹೊರಗೆ ಮಗಾ," ಎಂದು ನಂದೀಶ ಕೈ ಝಾಡಿಸಿಕೊಂಡ. ಇಷ್ಟು ನೀಟಾಗಿ ಕೆಲಸ ಮಾಡುವವರು ಜರ್ಮನಿಯಲ್ಲೂ ಇರಲಿಕ್ಕಿಲ್ಲ ಎಂದು ನಾನೂ ಹೊಗಳಿದೆ.

ಮನೆಯೊಳಗಿನ ಗಾಳಿಯನ್ನು ಆ ಫ್ಯಾನು ಹೊರಗೆಳೆದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು. ಕಿಟಕಿಯ ಸಂದಿಗಳನ್ನು ನಾವೇ ಮುಚ್ಚಿದ್ದೆವು. ಉಳಿದದ್ದು ಒಂದೇ ದಾರಿ, ಚಿಮಣಿ. ಎಂಟನೆಯ ತರಗತಿಯ ವಿಜ್ಞಾನ ಇದು. ಮನೆಯಲ್ಲಿದ್ದ ಇಬ್ಬರೂ ಇಂಜಿನಿಯರುಗಳು.

ನವೆಂಬರಿನಲ್ಲಿ ನನಗೆ ತಲೆನೋವು ಶುರುವಾಯಿತು. ಚಿಕ್ಕದಾದ ಹೆಲ್ಮೆಟ್ ಹಾಕಿ ಅದರ ಮೇಲೆ ಯಾರೋ ಕೂತಂತೆ. ಜೊತೆಗೆ ಹೊಟ್ಟೆ ತೊಳಸುವುದು. ಒಂದೇ ಪ್ಯಾರಾವನ್ನು ನಾಲ್ಕು ಸಲ ಓದುವುದು. ಇಲ್ಲಿ ಹೌಸ್‌ಆರ್ಟ್ಸ್ಟ್ ಎನ್ನುವ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದೆ. ಆ ಕಾಯುವ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಒಳಗೆ ಬಂದವರೆಲ್ಲ ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳುತ್ತಿದ್ದರು, ಆಮೇಲೆ ಒಂದು ತಾಸು ಮೌನವಾಗಿ ಕೆಮ್ಮುತ್ತಿದ್ದರು. ಎರಡು ಕಿಟಕಿ ಸದಾ ಅರ್ಧ ತೆರೆದಿರುತ್ತಿದ್ದವು. ಅಲ್ಲಿ ಕೂತ ಸ್ವಲ್ಪ ಹೊತ್ತಿಗೆ ನನ್ನ ತಲೆ ಹಗುರಾಗುತ್ತಿತ್ತು. ಹೆಸರು ಕರೆಯುವಷ್ಟರಲ್ಲಿ ನಾನು ಆರೋಗ್ಯವಂತ. ಒಳಗೆ ಹೋಗಿ ಇಲ್ಲದ ನೋವನ್ನು ವರ್ಣಿಸುವಾಗ ನನಗೇ ನಾಚಿಕೆ. ಮೂರು ಸಲ ಹೋದೆ, ಮೂರು ಸಲವೂ ಹೀಗೇ. ರೋಗಿ ಮಾತ್ರ ಡಾಕ್ಟರ ಹತ್ತಿರ ಹೋಗುತ್ತಿದ್ದ. ರೋಗ ಮನೆಯಲ್ಲೇ ಉಳಿಯುತ್ತಿತ್ತು.

ಡಾಕ್ಟರು ಒಳ್ಳೆಯ ಮನುಷ್ಯ. ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ಚೆನ್ನಾಗಿದೆ ಎಂದರು. ಆ ಕ್ಲಿಪ್ಪಿಗೆ ಒಳ್ಳೆಯ ಗಾಳಿಗೂ ವಿಷಗಾಳಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಬಿಸಿಲಿಲ್ಲದ ತಿಂಗಳು, ಥೀಸಿಸ್‌ನ ಒತ್ತಡ, ಊರ ನೆನಪು ಎಂದರು. ಡಿ ವಿಟಮಿನ್ ಹನಿಗಳನ್ನು ಬರೆದುಕೊಟ್ಟರು. ಎರಡನೆಯ ಸಲ ಮನಸ್ಸಿನ ಬಗ್ಗೆ ಎರಡು ಪುಟದ ಪ್ರಶ್ನಾವಳಿ ಕೊಟ್ಟರು: ಬೆಳಗ್ಗೆ ಏಳಲು ಮನಸ್ಸಾಗುತ್ತದೆಯೇ, ನಿಮ್ಮನ್ನು ನೀವು ನಿಷ್ಪ್ರಯೋಜಕರೆಂದು ಭಾವಿಸುತ್ತೀರಾ. ಅಷ್ಟೆಲ್ಲ ಪ್ರಶ್ನೆಗಳಲ್ಲಿ ಒಂದು ಇರಲಿಲ್ಲ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ತಲೆ ನೋಯುತ್ತಿದೆಯೇ?

ಕೇಳಿದ್ದರೆ ನಾನು ಹೌದು ಎನ್ನಬೇಕಾಗುತ್ತಿತ್ತು. ದೀಪಾವಳಿಯ ಬ್ಲೌಸುಗಳನ್ನೆಲ್ಲ ಹೊಲಿದುಕೊಟ್ಟು, ಅಂಗಡಿಗೆ ಬೀಗ ಹಾಕಿ, ಮೂರು ತಿಂಗಳ ವೀಸಾದಲ್ಲಿ ನಂದೀಶನ ಅಮ್ಮ ಗಿರಿಜಮ್ಮ ಬಂದಿದ್ದರು. ಬಂದ ಮೊದಲ ದಿನವೇ ಬಚ್ಚಲ ಬಾಗಿಲಿಗೆ ತೂತು ಯಾಕೆ ಎಂದು ಕೇಳಿದವರು ಅವರು. ಡಿಸೈನ್ ಇರಬೇಕಮ್ಮ ಎಂದ ನಂದೀಶ. ಹಗಲಿಡೀ ಮನೆಯಲ್ಲಿರುತ್ತಿದ್ದವರೂ ಅವರೇ, ಆದ್ದರಿಂದ ನಮ್ಮಿಬ್ಬರಿಗಿಂತ ಹೆಚ್ಚು ನರಳಿದವರೂ ಅವರೇ. ನನ್ನನ್ನು ಕಂಡರೆ ಅವರಿಗೆ ಅಕ್ಕರೆ, ಅದನ್ನು ತೋರಿಸುತ್ತಿದ್ದದ್ದು ಚುಚ್ಚುಮಾತಿನಲ್ಲಿ. "ಹೆಸರಲ್ಲಿ ಮಾತ್ರ ವಿನಯ" ಎನ್ನುತ್ತಿದ್ದರು.

ಜನವರಿಯ ಮೊದಲ ವಾರದ ಒಂದು ಸಂಜೆ, ಮೂವರೂ ಊಟಕ್ಕೆ ಕೂತಿದ್ದಾಗ, ಅವರು ತಟ್ಟೆ ಸರಿಸಿ ಹೇಳಿದರು. "ಈ ಮನೇಲಿ ಗಾಳಿ ಸರಿಯಿಲ್ಲ ಕಣ್ರಪ್ಪ."

ಗಾಳಿ. ಸಡಿಲವಾದ ಪದ ಸಿಕ್ಕಿತು. ನಾನು ಅನ್ನ ಕಲಸುವುದನ್ನು ಬಿಟ್ಟು ಎದ್ದು ನಿಂತೆ.

"ಮಾನ್ಯ ನಿರ್ಣಾಯಕರೇ, ಸಮಯಪಾಲಕರೇ," ಎಂದು ಶುರುಮಾಡಿದಾಗ ನಂದೀಶ ಆಗಲೇ ನಗುತ್ತಿದ್ದ. ಅಮ್ಮ, ಇವನ ಹತ್ರ ವಾದಕ್ಕೆ ಇಳೀಬೇಡ, ಸ್ಟೇಟ್ ಲೆವೆಲ್ಲು ಎಂದು ಎಚ್ಚರಿಸಿದ. ನಾನು ದೆವ್ವಗಳ ವಿರುದ್ಧ ಮಾತಾಡಿದೆ. ಜರ್ಮನಿಯ ದೆವ್ವ ಅರಸೀಕೆರೆಯವರನ್ನು ಮೆಟ್ಟಿಕೊಳ್ಳಬೇಕಾದರೆ ಯಾವ ವೀಸಾ ಬೇಕು, ನಗರಸಭೆ ಆಫೀಸಿನಲ್ಲಿ ಹೆಸರು ನೋಂದಾಯಿಸಿಕೊಳ್ಳದ ದೆವ್ವ ಈ ದೇಶದಲ್ಲಿ ಎಷ್ಟು ದಿನ ಇರಬಹುದು, ಹೀಗೆ. ನಂದೀಶನಿಗೆ ನಗುವಿನಲ್ಲಿ ನೀರು ನೆತ್ತಿಗೇರಿತು. ಗಿರಿಜಮ್ಮನೂ ನಕ್ಕರು. ಆದರೆ ನಕ್ಕು ಮುಗಿಸಿ, ಅಳತೆ ಹೇಳುವ ದನಿಯಲ್ಲಿ ಒಂದೊಂದೇ ಹೇಳುತ್ತ ಹೋದರು. ಬೆಳಗ್ಗೆ ಅರಮನೆ ತೋಟದಲ್ಲಿ ನಡೆಯುವಾಗ ತಲೆನೋವಿಲ್ಲ. ಟ್ರಾಮಿನಲ್ಲಿ ಇಲ್ಲ. ಅಂಗಡಿಯಲ್ಲಿ ಇಲ್ಲ. ಮನೆಗೆ ಬಂದು ಅಡುಗೆಗೆ ನಿಂತು ಆ ಫ್ಯಾನು ಹಾಕಿದ ಮೇಲೆ ಹಿಡಿದುಕೊಳ್ಳುತ್ತದೆ. ನಿನಗೂ ಹಾಗೇ ಅಲ್ಲವೇನಪ್ಪ ಎಂದು ನನ್ನನ್ನೇ ಕೇಳಿದರು.

ನನಗಿರೋದು ಥೀಸಿಸ್ ದೆವ್ವ ಆಂಟಿ, ಅದು ಬೇರೆ ಜಾತಿ ಎಂದೆ.

"ತಮಾಷೆ ಇರ್ಲಿ. ಒಂದ್ ಟ್ರಯಲ್ ನೋಡಣ," ಎಂದರು ಗಿರಿಜಮ್ಮ. ಬ್ಲೌಸು ಪೂರ್ತಿ ಹೊಲಿಯುವ ಮೊದಲು ತೊಡಿಸಿ ನೋಡುವುದಕ್ಕೆ ಅವರ ಅಂಗಡಿಯಲ್ಲಿ ಬಳಸುವ ಪದ ಅದು. "ನಾಳೆ ಒಂದಿನ ಆ ಫ್ಯಾನ್ ಹಾಕದೆ, ಕಿಟಕಿ ತಗ್ದು ಒಗ್ಗರಣೆ ಹಾಕ್ತೀನಿ. ತಲೆ ನೋಯುತ್ತೋ ಇಲ್ವೋ ನೋಡಣ. ನೋಯ್ತು ಅಂದ್ರೆ ನೀನ್ ಹೇಳಿದ್ದೇ ಸರಿ."

ಈಗ ನೋಡಿದರೆ ಇದಕ್ಕಿಂತ ಶುದ್ಧವಾದ ಪ್ರಯೋಗದ ಪ್ರಸ್ತಾವ ನನ್ನ ಇಡೀ ಥೀಸಿಸ್‌ನಲ್ಲಿ ಇಲ್ಲ. ಅವತ್ತು ನಾನು ಹೇಳಿದ್ದು: "ಒಂದಿನದ್ದು ಪುರಾವೆ ಆಗಲ್ಲ ಆಂಟಿ. ಮತ್ತೆ ಮೇಲಿನೋರು ಇನ್ನೊಂದು ಚೀಟಿ ಅಂಟಿಸ್ತಾರೆ."

"ಆಯ್ತು ಬಿಡಪ್ಪ, ನೀನೇ ಗೆದ್ದೆ," ಎಂದು ಅವರು ತಟ್ಟೆಗಳನ್ನು ಎತ್ತಿಕೊಂಡು ಹೋದರು. ಅಲ್ಲಿಂದ ಮುಂದೆ ತಲೆನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಣೆಗೆ ಬಟ್ಟೆ ಬಿಗಿದುಕೊಂಡು ಅಡುಗೆ ಮಾಡಿದರು. ಬೆಳಗಿನ ನಡಿಗೆಯನ್ನು ಮಾತ್ರ ಎರಡು ತಾಸಿಗೆ ಏರಿಸಿದರು. ನಾನು ಅದನ್ನು ನನ್ನ ಪರವಾದ ಸಾಕ್ಷಿ ಅಂದುಕೊಂಡೆ: ನೋಡು, ವ್ಯಾಯಾಮದಿಂದ ಸರಿಹೋಯಿತು. ಸೋತವರು ಸುಮ್ಮನಾಗುವುದನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯುವುದು ಚರ್ಚಾಸ್ಪರ್ಧೆಯ ನಿಯಮ.

ಮಾತಾಡಿದವರು ಅವರೊಬ್ಬರೇ ಅಲ್ಲ. ಥೆರ್ಮೆಯೂ ಮಾತಾಡುತ್ತಿತ್ತು. ಆಗೀಗ ತಾನೇ ಆರಿ ಹೋಗಿ ಕೆಂಪು ದೀಪ ತೋರಿಸುತ್ತಿತ್ತು. ನಾವು ಗುಂಡಿ ಒತ್ತಿ ಮತ್ತೆ ಹೊತ್ತಿಸುತ್ತಿದ್ದೆವು. ಗೋಡೆಯ ಮೇಲಿನ ಇನ್ನೊಂದು ಕಾಗದವೂ ಮಾತಾಡಿತ್ತು. ಶೋರ್ನ್‌ಸ್ಟೈನ್‌ಫೇಗರ್, ಅಂದರೆ ಚಿಮಣಿ ಪರೀಕ್ಷಕರು, ಇಂಥ ದಿನ ಬರುತ್ತಾರೆ, ಮನೆಯಲ್ಲಿರಿ ಎಂದು. ನಂದೀಶ ಅದನ್ನು ಫೋನಿನಲ್ಲಿ ಅನುವಾದಿಸಿ, ಚಿಮಣಿ ಗುಡಿಸೋರು ಗುರು, ನಮ್ಮನೇಲಿ ಸೌದೆ ಒಲೆ ಎಲ್ಲಿದೆ ಎಂದ. ಜರ್ಮನರು ಈ ಚಿಮಣಿಯವರನ್ನು ಮುಟ್ಟಿದರೆ ಅದೃಷ್ಟ ಅಂತಾರೆ, ನಮ್ಮವರಿಗಿಂತ ಏನು ಕಡಿಮೆ ಎಂದು ನಾನು ಸೇರಿಸಿದೆ. ಗಿರಿಜಮ್ಮನೂ ನಡೆಯಲು ಹೋಗಿದ್ದ ಹೊತ್ತಿನಲ್ಲಿ ಎರಡು ಸಲ ಬಂದು ಗಂಟೆ ಒತ್ತಿ ವಾಪಸ್ ಹೋದರಂತೆ.

ಸಂಕ್ರಾಂತಿಯ ಬೆಳಗ್ಗೆ ನಂದೀಶ ರಜೆ ಹಾಕಿದ್ದ. ಗಿರಿಜಮ್ಮ ನಮ್ಮಿಬ್ಬರ ತಲೆಗೂ ಹರಳೆಣ್ಣೆ ತಟ್ಟಿ ಒಬ್ಬೊಬ್ಬರನ್ನಾಗಿ ಸ್ನಾನಕ್ಕೆ ಅಟ್ಟಿದರು. ಒಂದು ತಾಸಿಗೂ ಮೇಲೆ ಬಿಸಿನೀರು ಹರಿಯಿತು, ಥೆರ್ಮೆ ಬಿಡದೆ ಉರಿಯಿತು. ಅಡುಗೆಮನೆಯಲ್ಲಿ ಹುಗ್ಗಿಗೆ ಮೆಣಸು ಜೀರಿಗೆಯ ಒಗ್ಗರಣೆ, ಫ್ಯಾನು ಪೂರ್ತಿ ಜೋರಿನಲ್ಲಿ. ಕೊಬ್ಬರಿ, ಬೆಲ್ಲ, ಎಳ್ಳನ್ನು ಅಂಗೈಗೆ ಹಾಕಿ ಗಿರಿಜಮ್ಮ ನನಗೆ ಹೇಳಿದರು: "ಎಳ್ಳು ಬೆಲ್ಲ ತಿಂದು ಇವತ್ತೊಂದಿನ ಆದ್ರೂ ಒಳ್ಳೇ ಮಾತಾಡು." ಹುಗ್ಗಿ ನೋಡ್ಕೋ ಎಂದು ಕೊನೆಯವರಾಗಿ ಬಚ್ಚಲಿಗೆ ಹೋದರು.

ಕೂತಲ್ಲೇ ಜೋಂಪು ಹತ್ತಿತು, ಎಷ್ಟು ಹೊತ್ತಾಯಿತು ತಿಳಿಯಲಿಲ್ಲ. ಹುಗ್ಗಿ ಸೀದ ವಾಸನೆಗೆ ಗೋಡೆ ಹಿಡಿದುಕೊಂಡು ಎದ್ದೆ. ನಂದೀಶ ಸೋಫಾದ ಮೇಲೆ ಮಲಗಿದ್ದ, ಕರೆದರೆ ಊಂ ಅನ್ನುತ್ತಿದ್ದ. ಬಚ್ಚಲಲ್ಲಿ ನೀರಿನ ಸದ್ದು, ಬಾಗಿಲು ತಟ್ಟಿದರೆ ಉತ್ತರವಿಲ್ಲ. ಇಲ್ಲಿನ ಬಚ್ಚಲ ಬೀಗಗಳನ್ನು ಹೊರಗಿನಿಂದ ಚಮಚದ ತುದಿಯಲ್ಲಿ ತಿರುಗಿಸಿ ತೆಗೆಯಬಹುದು. ನನಗೆ ಅದು ಗೊತ್ತು. ಕೈಯಲ್ಲಿ ಚಮಚ ಹಿಡಿದು ನಿಂತಿದ್ದೇನೆ, ಇದನ್ನು ಯಾಕೆ ಹಿಡಿದಿದ್ದೇನೆ ಎಂಬುದು ಮಾತ್ರ ಹೊಳೆಯುತ್ತಿಲ್ಲ. ಆ ಖಾಲಿತನವೇ ನನ್ನ ಕಾಯಿಲೆ. ಉಳಿದದ್ದೆಲ್ಲ ಲಕ್ಷಣಗಳು.

ಬಾಗಿಲು ತೆಗೆದೆ. ಅವರು ತೊಟ್ಟಿಯ ಅಂಚಿಗೆ ಒರಗಿ ಬಿದ್ದಿದ್ದರು. ತಲೆಯ ಎಣ್ಣೆ ಇನ್ನೂ ತೊಳೆದಿರಲಿಲ್ಲ. ಟವೆಲ್ ಸುತ್ತಿ ಮೆಟ್ಟಿಲ ತನಕ ಎಳೆದೆ. ಫೋನಿನಲ್ಲಿ ನನ್ನ ಜರ್ಮನ್ ಮೂರು ಪದಕ್ಕೆ ಇಳಿದಿತ್ತು: ಹೆಂಗಸು, ಬಚ್ಚಲು, ವಿಳಾಸ. ಆಂಬುಲೆನ್ಸಿನವರು ಬಂದರು. ಅವರ ಚೀಲಕ್ಕೆ ಸಿಕ್ಕಿಸಿದ್ದ, ವಿಷಗಾಳಿ ಪತ್ತೆಮಾಡುವ ಸಣ್ಣ ಯಂತ್ರ ನಮ್ಮ ಹೊಸ್ತಿಲಲ್ಲೇ ಕೂಗತೊಡಗಿತು. ಚೆನ್ನಾಗಿ ಮಾತಾಡುತ್ತಿದ್ದವನಿಗೆ ಸಮಯಪಾಲಕರು ಬಾರಿಸುವ ಕೊನೆಯ ಗಂಟೆಯಂತೆ. ಮುಂದಿದ್ದವನು ಹಿಂದಕ್ಕೆ ಹಾರಿ, ಎಲ್ಲರೂ ಹೊರಗೆ ಎಂದ. ಮುಖವಾಡ ಹಾಕಿಕೊಂಡು ಹೋಗಿ ನಂದೀಶನನ್ನು ಹೊತ್ತು ತಂದರು. ಕಟ್ಟಡದ ಎಂಟೂ ಮನೆಯವರು ಹಿಮದಲ್ಲಿ ನಿಂತರು. ಫ್ರಾವ್ ಬ್ರಾಂಟ್ ತಮ್ಮ ನೇರಳೆ ಕೋಟು ಬಿಚ್ಚಿ ಗಿರಿಜಮ್ಮನ ಮೇಲೆ ಹೊದಿಸಿದರು. ಆಮೇಲೆ, ಯಾರೂ ಏನೂ ಕೇಳದೆ ಇದ್ದರೂ, ನಾನು ವಾಸನೆ ಬಗ್ಗೆ ಮಾತ್ರ ಬರೆದಿದ್ದೆ ಎಂದರು.

ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ ಪ್ರಶ್ನೆ ಅದೇ: ಮನೆಯಲ್ಲಿ ಬೇರೆ ಯಾರಿಗಾದರೂ ತಲೆನೋವು ಇತ್ತೇ, ಎಷ್ಟು ದಿನದಿಂದ? ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ವಿಷ ಎಷ್ಟಿದೆ ಎಂದು ನೋಡಿದ ಮೇಲೆ ನಂದೀಶನನ್ನು ಆಮ್ಲಜನಕದ ಮುಖವಾಡ ಹಾಕಿ ಅಲ್ಲೇ ಮಲಗಿಸಿದರು. ಗಿರಿಜಮ್ಮನನ್ನೂ ನನ್ನನ್ನೂ ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಕೊಡುವ ಕೋಣೆ ಇರುವ ಇನ್ನೊಂದು ಊರಿಗೆ ಕಳಿಸಿದರು. ಜಲಾಂತರ್ಗಾಮಿಯಂಥ ಕಬ್ಬಿಣದ ತೊಟ್ಟಿ, ಗುಂಡು ಕಿಟಕಿ, ಒಳಗೆ ಎದುರುಬದುರು ಆಸನ. ಆದರೆ ಬಾಗಿಲಲ್ಲೇ ನರ್ಸು ಗಿರಿಜಮ್ಮನ ತಲೆಯನ್ನು ಮೂಸಿ ನೋಡಿ ಕೈ ಅಡ್ಡ ಹಿಡಿದಳು. ಎಣ್ಣೆ. ಅಷ್ಟು ಆಮ್ಲಜನಕ ಇರುವಲ್ಲಿ ಎಣ್ಣೆ ತಲೆಯವರನ್ನು ಬಿಡುವಂತಿಲ್ಲ, ಕಿಡಿ ಬೇಕಿಲ್ಲ, ಹೊತ್ತಿಕೊಳ್ಳಬಹುದು. ಇಬ್ಬರು ನರ್ಸುಗಳು ಅವರನ್ನು ಸಿಂಕಿಗೆ ಒರಗಿಸಿ ಶಾಂಪೂ ಹಾಕಿ ತಿಕ್ಕಿದರು. ಹರಳೆಣ್ಣೆ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ನಿಮಿಷವೂ ಮುಖ್ಯ ಎಂದು ಹೇಳಿ ಕರೆತಂದವರ ಕಣ್ಣೆದುರಿಗೇ ನಿಮಿಷಗಳು ನೊರೆಯಾಗಿ ಹೋಗುತ್ತಿದ್ದವು. ಅರೆಗಣ್ಣಿನಲ್ಲಿದ್ದ ಗಿರಿಜಮ್ಮ ಬಿದ್ದ ಮೇಲಿನ ಮೊದಲ ಪೂರ್ತಿ ವಾಕ್ಯ ಆಡಿದರು. "ಸೀಗೆಕಾಯಿ ಇದ್ದಿದ್ರೆ ಒಂದೇ ಸಲಕ್ಕೆ ಹೋಗ್ತಿತ್ತು." ನರ್ಸು ಏನಂತೆ ಎಂದು ನನ್ನನ್ನು ಕೇಳಿದಳು. ಧನ್ಯವಾದ ಹೇಳ್ತಿದ್ದಾರೆ ಎಂದೆ.

ತೊಟ್ಟಿಯೊಳಗೆ ಎರಡು ತಾಸು ಎದುರೆದುರು ಕೂತೆವು. ಇಬ್ಬರಿಗೂ ಮುಖವಾಡ, ಮಾತಾಡುವಂತಿಲ್ಲ. ಕಿವಿ ಟಪ್ಪೆನ್ನುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಬಯ್ಯುವ ನೋಟವಲ್ಲ. ಬಯ್ದಿದ್ದರೆ ಉತ್ತರ ಕೊಡಬಹುದಿತ್ತು.

ಐದನೆಯ ದಿನ, ಬೀಗಮುದ್ರೆ ಹಾಕಿದ್ದ ನಮ್ಮ ಮನೆಗೆ ಚಿಮಣಿ ಪರೀಕ್ಷಕರು ಬಂದರು. ಕಪ್ಪು ಉಡುಪಿನ, ನನ್ನ ವಯಸ್ಸಿನ ಹೆಣ್ಣುಮಗಳು. ನಂದೀಶನನ್ನೂ ನನ್ನನ್ನೂ ನಿಲ್ಲಿಸಿಕೊಂಡು, ಚೀಲದಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದಳು. ಥೆರ್ಮೆ ಹೊತ್ತಿಸಿ, ಅದರ ಹೊಗೆಬಾಯಿಯ ಹತ್ತಿರ ಕನ್ನಡಿ ಹಿಡಿದಳು. ಶುಭ್ರ. ಅಡುಗೆಮನೆಯ ಫ್ಯಾನು ಹಾಕಿ ಎಂದಳು. ಹಾಕಿದೆ. ನೋಡನೋಡುತ್ತ ಕನ್ನಡಿ ಮಂಜಾಯಿತು. ಚಿಮಣಿಗೆ ಹೋಗಬೇಕಾದದ್ದು ಮನೆಯೊಳಗೆ ಉಸಿರು ಬಿಡುತ್ತಿತ್ತು. ಈಗ ಕಿಟಕಿ ಒಂದು ಗೇಣು ತೆಗೆಯಿರಿ ಎಂದಳು. ತೆಗೆದೆ. ಅಂಚಿನಿಂದ ಶುರುವಾಗಿ ಕನ್ನಡಿ ನಿಧಾನ ತಿಳಿಯಾಯಿತು. ಒಟ್ಟು ಎರಡು ನಿಮಿಷ. ಗಿರಿಜಮ್ಮ ಕೇಳಿದ್ದ ಟ್ರಯಲ್ಲು ಇಷ್ಟೇ ಇತ್ತು.

ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತೇ ಎಂದು ಆಕೆ ಕೇಳಿದಳು. ಹೌದು, ಚಳಿ ಅಲ್ಲವೇ ಎಂದು ನಂದೀಶ ಉತ್ತರಿಸಿದ. ನಾನು ಸುಮ್ಮನಿದ್ದೆ.

ಕಿಟಕಿ ಯಾವಾಗಲೂ ಮುಚ್ಚಿರುತ್ತಿರಲಿಲ್ಲ. ವಾದದಲ್ಲಿ ಸೋತ ಮರುದಿನದಿಂದ ಗಿರಿಜಮ್ಮ ಅಡುಗೆಗೆ ನಿಲ್ಲುವ ಮುಂಚೆ ಅಡುಗೆಮನೆಯ ಕಿಟಕಿಯನ್ನು ಒಂದು ಗೇಣು ತೆಗೆದಿಡುತ್ತಿದ್ದರು, ಏನೂ ಹೇಳದೆ. ನಾನು ಹೋದಾಗಲೆಲ್ಲ ಮುಚ್ಚುತ್ತಿದ್ದೆ, ಏನೂ ಹೇಳದೆ. ಸಂಕ್ರಾಂತಿಯ ಬೆಳಗ್ಗೆ ಸ್ನಾನಕ್ಕೆ ಹೋಗುವ ಮುಂಚೆಯೂ ಅವರು ತೆಗೆದಿಟ್ಟಿದ್ದರು. ಹುಗ್ಗಿ ನೋಡಿಕೊಳ್ಳಲು ಹೋದವನು ನಾನು, ಮುಚ್ಚಿದವನು ನಾನು. ನಂದೀಶನಿಗೆ ಇದನ್ನು ಇವತ್ತಿನವರೆಗೆ ಹೇಳಿಲ್ಲ. ಇಲ್ಲಿ ಓದಿ ತಿಳಿಯಲಿ.

ಅನುಮತಿಯಿಲ್ಲದೆ ಫ್ಯಾನು ಹಾಕಿದ್ದೀರಿ ಎಂದು ಮಾಲೀಕರ ವಕೀಲರಿಂದ ಪತ್ರ ಬಂತು. ನಿಜ. ಆ ಥೆರ್ಮೆ ಗಾಳಿಯನ್ನು ಮನೆಯೊಳಗಿನಿಂದಲೇ ಎಳೆಯುತ್ತದೆ ಎಂದು ಬಾಡಿಗೆ ಕೊಡುವಾಗ ಒಂದು ಮಾತು ಹೇಳಿರಲಿಲ್ಲ ಎಂಬುದೂ ನಿಜ. ಎರಡು ನಿಜಗಳು ಈಗ ಪರಸ್ಪರ ಪತ್ರ ಬರೆದುಕೊಳ್ಳುತ್ತಿವೆ.

ಆಸ್ಪತ್ರೆಯಿಂದ ಬರುವಾಗ ಗಿರಿಜಮ್ಮನೂ ನಾನೂ ಚೆನ್ನಾಗಿದ್ದೆವು. ಈ ವಿಷದ ಒಂದು ಗುಣ ಏನೆಂದರೆ, ಹೋಗಿಬಿಟ್ಟೆ ಎಂದು ನಂಬಿಸಿ ವಾರಗಳ ಮೇಲೆ ಮರಳಿ ಬರುತ್ತದೆ, ಎಲ್ಲರಿಗೂ ಅಲ್ಲ, ಕೆಲವರಿಗೆ. ಫೆಬ್ರವರಿಯಲ್ಲಿ ಥೀಸಿಸ್‌ನ ಮೌಖಿಕ ಪರೀಕ್ಷೆಗೆ ನಿಂತಿದ್ದೆ. ಕನ್ನಡದಂತೆ ಜರ್ಮನ್‌ನಲ್ಲೂ ಎಷ್ಟೋ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಾನು ವಾಕ್ಯದ ಕೊನೆಯವರೆಗೆ ನಡೆದು ಹೋದೆ. ಅಲ್ಲಿ ಏನೂ ಇರಲಿಲ್ಲ. ಪ್ರೊಫೆಸರು ಕಾದರು. ನಾನೂ ಕಾದೆ. ಆಮೇಲೆ ಏಳು ತಿಂಗಳು, ಮಕ್ಕಳಿಗೆ ತೋರಿಸುವಂಥ ಚಿತ್ರದ ಕಾರ್ಡುಗಳನ್ನು ನೋಡಿ ಹೆಸರು ಹೇಳಿದೆ. ಛತ್ರಿ. ಏಣಿ. ಒಂದು ದಿನ ಚಿಮಣಿಯ ಚಿತ್ರ ಬಂತು. ಅದರ ಹೆಸರು ಸಿಗಲಿಲ್ಲ. ಮಾತು ಕಲಿಸುವಾಕೆ ಪರವಾಗಿಲ್ಲ ಎಂದು ಕಾರ್ಡು ತಿರುಗಿಸಿದಳು.

ಈಗ ಬಹುಪಾಲು ಮರಳಿದೆ. ಬರೆಯಬಲ್ಲೆ, ಕಾಗದಕ್ಕೆ ಗಂಟೆ ಬಾರಿಸುವವರಿಲ್ಲ. ಎದುರುಬದುರು ವಾದಿಸಲಾರೆ. ಯಾರಾದರೂ ಜೋರಾಗಿ ತಪ್ಪು ಹೇಳಿದರೆ ಸರಿಯಾದದ್ದು ಗೊತ್ತಿದ್ದೂ ಸುಮ್ಮನಿರುತ್ತೇನೆ. ಗೊತ್ತಿದ್ದು ಸುಮ್ಮನಿರುವುದು ಹೇಗಿರುತ್ತದೆ ಎಂದು ಈಗ ನನಗೆ ತಿಳಿದಿದೆ.

ಇದನ್ನು ಓದುವವರಲ್ಲಿ ಹಳೆಯ ಮನೆಯಲ್ಲಿ ಇಂಥ ಪೆಟ್ಟಿಗೆಯೊಂದಿಗೆ ಬದುಕುವವರಿದ್ದರೆ ಇಷ್ಟು ಮಾತ್ರ: ಚಿಮಣಿಯವರು ಬಂದರೆ ಬಾಗಿಲು ತೆಗೆಯಿರಿ. ಗಾಳಿ ಹೊರಗೆಳೆಯುವ ಫ್ಯಾನನ್ನು ಅವರನ್ನು ಕೇಳದೆ ಹಾಕಬೇಡಿ. ಕಿಟಕಿ ತೆರೆದರೆ ಮಾತ್ರ ಫ್ಯಾನು ಓಡುವಂಥ ಸ್ವಿಚ್ಚು ಇರುತ್ತದೆ, ಅವರೇ ಹೇಳುತ್ತಾರೆ. ಬಾಗಿಲ ಜಾಲರಿ ಮುಚ್ಚಬೇಡಿ. ಚಾವಣಿಯ ಹೊಗೆಯ ಅಲಾರಂ ಈ ಗಾಳಿಗೆ ಕೂಗುವುದಿಲ್ಲ, ಇದಕ್ಕೆ ಬೇರೆಯದೇ ಇದೆ, ತಂದಿಡಿ. ಮತ್ತೆ, ಮನೆಯಿಂದ ಹೊರಗೆ ಹೋದರೆ ವಾಸಿಯಾಗುವ ಕಾಯಿಲೆ ನಿಮ್ಮದಲ್ಲ, ಮನೆಯದು. ಯಾರಾದರೂ ಗಾಳಿ ಸರಿಯಿಲ್ಲ ಎಂದರೆ, ಯಾವ ಅರ್ಥದಲ್ಲಿ ಹೇಳಿದರೂ, ಮೊದಲು ಕಿಟಕಿ ತೆಗೆದು ಆಮೇಲೆ ವಾದಿಸಿ.

ಚಿಕಿತ್ಸೆಗೆಂದು ವೀಸಾ ಮುಂದುವರಿಸಿಕೊಂಡಿದ್ದ ಗಿರಿಜಮ್ಮ ವಸಂತದಲ್ಲಿ ಊರಿಗೆ ಮರಳಿದರು. ಅಂಗಡಿ ತೆಗೆದಿದ್ದಾರೆ. ಟೇಪಿನಲ್ಲಿ ನೋಡಿದ ಅಂಕಿ ಕತ್ತರಿಯ ಕಡೆ ತಿರುಗುವಷ್ಟರಲ್ಲಿ ಮರೆತುಹೋಗುತ್ತದಂತೆ, ಅಂಗೈ ಮೇಲೆ ಬರೆದುಕೊಳ್ಳುತ್ತಾರಂತೆ. ಮೂವತ್ತು ವರ್ಷ ಕಣ್ಣಳತೆಯಲ್ಲಿ ಕತ್ತರಿಸಿದವರು. ಅಂಗಡಿಗೆ ಬಂದವರು ಗಾಳಿಯ ಕಥೆ ಹೇಳಿದರೆ ಅವರು ಅಲ್ಲಗಳೆಯುವುದಿಲ್ಲ, ಹೌದೆನ್ನುವುದೂ ಇಲ್ಲ ಎಂದು ನಂದೀಶ ಹೇಳುತ್ತಾನೆ.

ಆಂಟಿ, ಇದನ್ನು ನಂದೀಶ ನಿಮಗೆ ಓದಿ ಹೇಳುತ್ತಾನೆ, ಕಿಟಕಿಯ ಭಾಗ ಓದಿದ ಮೇಲೂ ಅವನಿಗೆ ಮುಂದೆ ಓದಲು ಮನಸ್ಸಿದ್ದರೆ. ನಾನು ಎರಡೂ ಪಕ್ಷವನ್ನು ನೂರು ಸಲ ಮಂಡಿಸಿ ನೋಡಿದ್ದೇನೆ. ನಿಂಬೆಹಣ್ಣು ಇಟ್ಟಿದ್ದಿರಿ, ಅದು ದೃಷ್ಟಿಗೂ ಇರಬಹುದು, ವಾಕರಿಕೆಗೆ ಮೂಸಿ ನೋಡಲೂ ಇರಬಹುದು. ಕಿಟಕಿ ತೆಗೆಯುತ್ತಿದ್ದಿರಿ, ಒಳಗಿದ್ದದ್ದು ಹೋಗಲಿ ಅಂತಲೂ ಇರಬಹುದು, ಹೊರಗಿನದು ಬರಲಿ ಅಂತಲೂ ಇರಬಹುದು. ನೀವು ದೆವ್ವದ ಮಾತಾಡಿದ್ದರೆ ನಾನು ಹಿರಿಯರೊಬ್ಬರ ಎದುರು ಉಡಾಫೆ ಮಾಡಿದವನು, ಅಷ್ಟೇ. ಹಾಗಲ್ಲದಿದ್ದರೆ ನಾನೇನು ಎಂಬುದಕ್ಕೆ ನನಗೆ ಈಗಲೂ ಪದ ಸಿಗುತ್ತಿಲ್ಲ. ಅವತ್ತು ಊಟಕ್ಕೆ ಕೂತಾಗ ಕೇಳಬೇಕಿದ್ದ ಒಂದೇ ಪ್ರಶ್ನೆಯನ್ನು, ಎದ್ದು ನಿಲ್ಲದೆ, ಈಗ ಕೇಳುತ್ತಿದ್ದೇನೆ. ಆಂಟಿ, ನೀವು ಹೇಳಿದ್ದು ಯಾವ ಗಾಳಿ?